ದಾರಿ ಪುಸ್ತಕದ ಹದಿನೇಳನೇ ಪುಟ

ಫೆಬ್ರವರಿ 20

ಮೇಡಂ,

ನೀವು ಕೊಟ್ಟ ಮಾತುಗಳು ಇವು. ಊರು ತಲುಪಿದ ವಾರದೊಳಗೆ ಮ್ಯಾನೇಜರ್‌ಗೆ ಪತ್ರ ಬರೆದು, ಗೈಡ್ ನಿಮ್ಮ ಜೀವವನ್ನೂ ಹೊಟ್ಟೆಯಲ್ಲಿರುವ ಕೂಸಿನ ಜೀವವನ್ನೂ ಉಳಿಸಿದ ಎಂದು ಹೇಳುವುದು. ನಿಮ್ಮನ್ನು ಹೊರುವಾಗ ತಿರುಚಿದ ಅವನ ಮಂಡಿಯನ್ನು ನಿಮ್ಮೂರಿನ ದೊಡ್ಡಾಸ್ಪತ್ರೆಯಲ್ಲಿ ತೋರಿಸುವುದು. ನನಗೆ ಹೆರಿಗೆ ನೋವು ಕಾಣಿಸಿಕೊಂಡ ದಿನ ಲಾಡ್ಜಿನ ಜೀಪು ಸಿಗುವಂತೆ ಮಾಡುವುದು. "ಮೇಡಂ ಅನ್ನಬೇಡ, ಅಕ್ಕ ಅನ್ನು" ಅಂದದ್ದನ್ನೂ ಸೇರಿಸಿದರೆ ನಾಲ್ಕು.

ಸಿಕ್ಕಿದ್ದು ಇದು. ಪತ್ರ ಬಂತು. ನಿಮ್ಮದಲ್ಲ, ನಿಮ್ಮ ಯಜಮಾನರದು. ಗೈಡ್ ಗರ್ಭಿಣಿಯನ್ನು ಮುಚ್ಚಿದ ಕೆಳದಾರಿಗೆ ಕರೆದೊಯ್ದ, ಇಂಥವನನ್ನು ಕೆಲಸದಲ್ಲಿಟ್ಟುಕೊಳ್ಳಬಾರದು ಎಂದು ಟೈಪ್ ಮಾಡಿಸಿದ ಎರಡು ಪುಟದ ದೂರು. ಅದು ಬಂದ ದಿನವೇ ಮ್ಯಾನೇಜರ್ ಅವನ ಅಂಗಿಯ ಮೇಲಿನ ಬಿಲ್ಲೆ ಕಳಚಿಕೊಂಡ. ಬಿಲ್ಲೆ ಇಲ್ಲದವನು ಕಾಡಿಗೆ ಕಾಲಿಡುವಂತಿಲ್ಲ. ಮಂಡಿ ಕುಂಬಳಕಾಯಿಯಂತೆ ಊದಿದೆ. ಜೀಪಿನ ಮಾತೆತ್ತಿದರೆ ಮ್ಯಾನೇಜರ್ "ನಿಮ್ಮ ಮೇಡಂ ನಂಗೇನೂ ಹೇಳಿಲ್ಲಮ್ಮ" ಅಂತಾನೆ. ಅಕ್ಕನ ವಿಷಯ ನೀವೇ ತೀರ್ಮಾನಿಸಿ. ಅಲ್ಲಿಯವರೆಗೆ ಮೇಡಂ ಅಂತಲೇ ಇರಲಿ.

ಮೂರು ದಿನ ನಿಮಗೆ ಬಿಸಿನೀರು ಕಾಯಿಸಿಕೊಟ್ಟ ಅಡುಗೆಯವಳಾಗಿ ಇದನ್ನು ಬರೆಯುತ್ತಿಲ್ಲ. ಗೈಡಿನ ಹೆಂಡತಿಯಾಗಿ ಬರೆಯುತ್ತಿದ್ದೇನೆ. ಮಾರ್ಚ್ 12ಕ್ಕೆ ವಿಚಾರಣೆ. ಅವನಿಗೆ ಮಾತ್ರ ಏನೂ ಚಿಂತೆಯಿಲ್ಲ. "ದಾರಿ ಪುಸ್ತಕ ತೆಗೀಲಿ, ಎಲ್ಲಾ ಗೊತ್ತಾಗುತ್ತೆ. ಅಮ್ಮಾವ್ರು ನನ್ನ ಬಗ್ಗೆ ಚೆನ್ನಾಗಿ ಬರ್ದಿದಾರೆ" ಅಂತಾನೆ. ನಿಮಗೂ ಗೊತ್ತು, ಅತಿಥಿಗಳು ಜೀಪು ಹತ್ತುವ ಮೊದಲು ಯಾವ ದಾರಿ ಹಿಡಿದೆವು, ಯಾಕೆ ಹಿಡಿದೆವು ಎಂದು ಆ ಪುಸ್ತಕದಲ್ಲಿ ಗೈಡ್ ಬರೆಯಬೇಕು ಇಲ್ಲವೇ ಬರೆಸಬೇಕು, ಕೆಳಗೆ ಹೆಬ್ಬೆಟ್ಟು ಒತ್ತಬೇಕು. ಅವನಿಗೆ ಓದು ಬರಹ ಇಲ್ಲ. ಹತ್ತು ವರ್ಷದಿಂದ ಅವನ ಪುಟಗಳನ್ನೆಲ್ಲ ಬರೆದವಳು ನಾನು. ಆ ಒಂದು ದಿನ ನಾನು ಮೇಲೆ ಅಡುಗೆಮನೆಯಲ್ಲಿದ್ದೆ, ನೀವು ಬರೆದುಕೊಟ್ಟಿರಂತೆ.

ನಾನು ಅವನಷ್ಟು ಒಳ್ಳೆಯವಳಲ್ಲ. ಪುಸ್ತಕದ ಜೊತೆಗೆ ನಿಮ್ಮ ಪತ್ರವೂ ಬೇಕು. ಒಂದೇ ಸಾಲು ಸಾಕು: ಕೆಳದಾರಿಗೆ ಹೋಗೋಣ ಎಂದವನು ಗೈಡ್ ಅಲ್ಲ. ಸ್ಟ್ಯಾಂಪು ಹಚ್ಚಿದ ಕವರು ಇಟ್ಟಿದ್ದೇನೆ.

— ಅಡುಗೆಯವಳು


ಮಾರ್ಚ್ 9

ಪ್ರೀತಿಯ ತಂಗಿ,

ನಿನ್ನ ಪತ್ರ ಓದಿ ಕಣ್ಣು ತುಂಬಿ ಬಂತು. ಎಷ್ಟು ಚೆನ್ನಾಗಿ ಬರೆಯುತ್ತೀಯ! ನನ್ನ ಮೂರನೇ ತರಗತಿಯ ಮಕ್ಕಳಿಗೆ ನಿನ್ನ ಅಕ್ಷರ ತೋರಿಸಬೇಕು ಅನ್ನಿಸಿತು. ಕಾರ್ಮಿಕ ಸಂಘದ ಶಾಲೆಯಲ್ಲಿ, ಮದುವೆಯಾದ ಮೇಲೆ ಕಲಿತೆ ಅಂದಿದ್ದೆಯಲ್ಲವೇ?

ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ವೈದ್ಯರು ಮಲಗಿಯೇ ಇರಬೇಕು ಅಂದಿದ್ದಾರೆ. ಮಗು ಈಗ ಒದೆಯುತ್ತದೆ. ಸಂಜೆ ಏಳಕ್ಕೆ ಸರಿಯಾಗಿ ಶುರು, ಪಕ್ಕಾ ಗಡಿಯಾರ. ಇವರು ಕಿವಿಯಿಟ್ಟು ಕೇಳುತ್ತಾರೆ.

ಇವರ ದೂರನ್ನು ನೀನು ತಪ್ಪು ತಿಳಿದಿದ್ದೀಯ. ಇವರ ಕೋಪ ಲಾಡ್ಜಿನ ಮೇಲೆ, ಅಲ್ಲಿನ ವ್ಯವಸ್ಥೆಯ ಮೇಲೆ. ನಿನ್ನ ಗಂಡನ ಮೇಲೆ ಏನೂ ಇಲ್ಲ. 'ದುರ್ಬೀನು' ಅಂತ ಇವರು ಅವನಿಗಿಟ್ಟ ಹೆಸರನ್ನು ಈಗಲೂ ಹೇಳಿಕೊಂಡು ನಗುತ್ತೇವೆ. ಬರಿಗಣ್ಣಿನಲ್ಲಿ ಆ ಮಂಜಿನೊಳಗೆ ಹಕ್ಕಿ ಹುಡುಕುತ್ತಿದ್ದನಲ್ಲ! ಆ ಕೆಂಪೆದೆಯ ಹಕ್ಕಿ ಗೂಡಿನಿಂದ ಇಣುಕುತ್ತಿರುವ ಫೋಟೋ ಪಕ್ಷಿವೀಕ್ಷಕರ ಸಂಘದ ಪ್ರದರ್ಶನಕ್ಕೆ ಆಯ್ಕೆಯಾಗಿದೆ. ಇವರೇ ಆ ಸಂಘದ ಕಾರ್ಯದರ್ಶಿ ಬೇರೆ, ಓಡಾಟವೋ ಓಡಾಟ. ನಿನಗೂ ಒಂದು ಪ್ರತಿ ಕಳಿಸಿದ್ದೇನೆ, ಗೋಡೆಗೆ ಹಾಕು.

ವಿಚಾರಣೆ ಎಂದರೆ ಬರೀ ಶಾಸ್ತ್ರಕ್ಕೆ, ಎಲ್ಲಾ ಸರಿಹೋಗುತ್ತದೆ. ನಿನ್ನ ಹೊಟ್ಟೆ ಹೇಗಿದೆ? ನನಗಿಂತ ಒಂದೂವರೆ ತಿಂಗಳು ಮುಂದಿದ್ದೀಯ. ಭಾರ ಎತ್ತಬೇಡ.

— ನಿನ್ನ ಅಕ್ಕ


ಮಾರ್ಚ್ 19

ಮೇಡಂ,

ನಿಮ್ಮ ಪತ್ರ ಹದಿನೈದಕ್ಕೆ ಜೀಪಿನಲ್ಲಿ ಬಂತು. ವಿಚಾರಣೆ ಮುಗಿದು ಮೂರು ದಿನವಾಗಿತ್ತು. ನೀವು ಕಳಿಸಿದ್ದು ಹಕ್ಕಿಯ ಫೋಟೋ.

ವಿಚಾರಣೆ ಹೇಗಾಯಿತು ಕೇಳಿ. ಊಟದ ಹಾಲ್‌ನಲ್ಲಿ ಮೇಜು ಜೋಡಿಸಿ ನಾಲ್ಕು ಜನ ಕೂತಿದ್ದರು. ಇವನನ್ನು ನಿಲ್ಲಿಸಿದ್ದರು. ಮಂಡಿ ನೋಡಿಯೂ ಯಾರೊಬ್ಬರೂ ಸ್ಟೂಲು ತಳ್ಳಲಿಲ್ಲ. ಅಡುಗೆಮನೆಯ ಕಿಂಡಿಯಿಂದ ನಾನು ನೋಡುತ್ತಿದ್ದೆ. ಇವನೇ ಕೇಳಿದ: "ಸಾರ್, ದಾರಿ ಪುಸ್ತಕ ತೆಗೀರಿ ಸಾರ್."

ತೆಗೆದರು. ಹದಿನೇಳನೇ ಪುಟ. ಮ್ಯಾನೇಜರ್ ಗಟ್ಟಿಯಾಗಿ ಓದಿದ: "ಗೈಡ್ ಹೇಳಿದಂತೆ ಕೆಳದಾರಿ ಹಿಡಿದೆವು. ಅಪಾಯವಿಲ್ಲವೆಂದು ಅವರೇ ಭರವಸೆ ಕೊಟ್ಟರು."

ಇವನು ನಕ್ಕ ಮೇಡಂ. ಬೇರೆ ಪುಟ ಅಂದುಕೊಂಡ. "ಅದಲ್ಲ ಸಾರ್, ಅಮ್ಮಾವ್ರು ಬರ್ದಿದ್ದು ಓದಿ" ಅಂದ. ಮ್ಯಾನೇಜರ್ ಪುಸ್ತಕ ತಿರುಗಿಸಿ ಮುಖಕ್ಕೆ ಹಿಡಿದ. "ಇದು ನಿನ್ನ ಹೆಬ್ಬೆಟ್ಟೋ ಅಲ್ವೋ?" ಇವನು ತನ್ನ ಹೆಬ್ಬೆಟ್ಟನ್ನು ನೋಡಿಕೊಂಡ, ಪುಟ ನೋಡಿದ, ಮತ್ತೆ ಹೆಬ್ಬೆಟ್ಟು ನೋಡಿಕೊಂಡ. ಆಮೇಲೆ ಒಂದು ಮಾತೂ ಆಡಿಲ್ಲ. ಅಲ್ಲೂ ಇಲ್ಲ, ಮನೆಗೆ ಬಂದ ಮೇಲೂ ಇಲ್ಲ.

ತೀರ್ಪು: ಕೆಲಸ ಹೋಯಿತು. ಗೈಡ್ ಹೋದ ಮೇಲೆ ಗೈಡಿಗೆ ಕೊಟ್ಟ ಕೋಣೆಯೂ ಹೋಯಿತು, ಕೋಣೆ ಹೋದ ಮೇಲೆ ಅಡುಗೆಯವಳೂ ಹೋದಳು. ನಾಳೆ ಸಂಜೆಯೊಳಗೆ ಖಾಲಿ ಮಾಡಬೇಕು.

ನಮ್ಮ ಸಂಘದ ಕಂಡಕ್ಟರಣ್ಣ, ಮೊದಲು ಬಸ್ಸಿನಲ್ಲಿ ಟಿಕೆಟು ಹರಿಯುತ್ತಿದ್ದವರು, ಕಾರ್ಮಿಕ ಅಧಿಕಾರಿಯನ್ನು ಕಂಡು ಬಂದರು. "ಪುಸ್ತಕದಲ್ಲಿ ಇರೋದೇ ಸಾಕ್ಷಿಯಂತೆ. ಬರೆದವರೇ ಬಾಯಿಬಿಟ್ಟು ಸುಳ್ಳು ಅಂದ್ರೆ ಮಾತ್ರ ವಿಚಾರಣೆ ಮತ್ತೆ ತೆಗೀತಾರಂತೆ" ಅಂದರು.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಏಳು ಗಂಟೆ ಹೊತ್ತು ಆ ಬೆನ್ನಿನ ಮೇಲಿದ್ದಿರಿ. ಆ ಬೆನ್ನಿಗೇ ಚೂರಿ ಹಾಕುವಾಗ ಕೈ ನಡುಗಲಿಲ್ಲವೇ? ಆ ಪುಟ ನಾನೂ ನೋಡಿದೆ, ಅಕ್ಷರ ಮಾತ್ರ ಮುತ್ತಿನಂತಿದೆ, ಒಂದು ಕೊಂಬೂ ಅಲುಗಾಡಿಲ್ಲ. ಮಕ್ಕಳಿಗೆ ಹೀಗೇ ಕಲಿಸುತ್ತೀರಾ? ಓದು ಬಾರದವನ ಕಣ್ಣಿಗೆ ಮಣ್ಣೆರಚುವುದಕ್ಕೆ ನಿಮ್ಮ ಇಂಕು ಬೇಕಿತ್ತೇ?

ಬರೆಯಿರಿ. ಸುಳ್ಳು ಬರೆದೆ ಎಂದು ಬರೆಯಿರಿ.


ಏಪ್ರಿಲ್ 6

ತಂಗಿ,

ನಿನ್ನ ಭಾಷೆಯಿಂದ ನನಗೆ ತುಂಬಾ ನೋವಾಯಿತು. ಇದು ನಿನ್ನ ಮಾತಲ್ಲ, ಆ ಸಂಘದವರು ಹೇಳಿಕೊಟ್ಟು ಬರೆಸಿದ್ದು ಎಂದು ಇವರು ಹೇಳಿದರು. ನನಗೂ ಹಾಗೇ ಅನ್ನಿಸಿತು.

ಆ ದಿನದ್ದು ನನಗೆ ಏನೂ ಸರಿಯಾಗಿ ನೆನಪಿಲ್ಲ. ರಕ್ತ ಹೋಗುತ್ತಿತ್ತು. ಬದುಕುತ್ತೇನೋ ಇಲ್ಲವೋ ಗೊತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಬರೆದ ಒಂದು ಸಾಲನ್ನು ಹಿಡಿದು ಮೊಸರಿನಲ್ಲಿ ಕಲ್ಲು ಹುಡುಕಿದ ಹಾಗೆ ಮಾಡುತ್ತೀಯಲ್ಲ. ನೀನೂ ಹೊಟ್ಟೆಯಲ್ಲಿ ಕೂಸಿಟ್ಟುಕೊಂಡವಳು. ನಿನಗೆ ಅರ್ಥವಾಗಬೇಕಿತ್ತು.

ನಿನ್ನ ಗಂಡನಿಗೆ ಬೇರೆ ಲಾಡ್ಜಿನಲ್ಲಿ ಕೆಲಸ ಸಿಕ್ಕೇ ಸಿಗುತ್ತದೆ. ಅಷ್ಟು ಚುರುಕಾದವನು. ನನಗೆ ಮನಸ್ಸಿನ ನೆಮ್ಮದಿ ಬೇಕೆಂದು ವೈದ್ಯರು ಹೇಳಿದ್ದಾರೆ. ಹೆರಿಗೆಯಾಗುವ ತನಕ ಬರೆಯಬೇಡ. ಬರೆಯುವುದಾದರೆ ಮನುಷ್ಯರು ಮನುಷ್ಯರಿಗೆ ಬರೆಯುವ ಹಾಗೆ ಬರಿ.


ಮೇ 4

ಅಕ್ಕಾ,

ಮೊದಲು ಕ್ಷಮೆ ಕೇಳುತ್ತೇನೆ. ಆಗ ಮನೆ ಖಾಲಿ ಮಾಡುವ ಗಡಿಬಿಡಿ, ಬಾಯಿಗೆ ಬಂದದ್ದು ಬರೆದುಬಿಟ್ಟೆ. ನೀವು ಹೇಳಿದ್ದು ನಿಜ, ಯಾರ್ಯಾರೋ ಕಿವಿ ಊದಿದ್ದರು.

ಏಪ್ರಿಲ್ 22ಕ್ಕೆ ಮಗಳು ಹುಟ್ಟಿದಳು. ಈಗ ಕೆಳಗೆ ಪೇಟೆಯಲ್ಲಿದ್ದೇವೆ. ಇಸ್ತ್ರಿ ಅಂಗಡಿಯ ಹಿಂದಿನ ಕೋಣೆ. ನಾನು ಇಸ್ತ್ರಿ ಮಾಡುತ್ತೇನೆ, ಅವನು ಕೂತಲ್ಲೇ ಬಟ್ಟೆ ಮಡಿಸುತ್ತಾನೆ. ಗೋಡೆ ಯಾವಾಗಲೂ ಬೆಚ್ಚಗಿರುವುದರಿಂದ ಮಗು ಚೆನ್ನಾಗಿ ನಿದ್ದೆ ಮಾಡುತ್ತದೆ. ಬಿಕ್ಕಳಿಕೆ ಬಂದರೆ ತಾನೇ ಬೆಚ್ಚಿ ಸುತ್ತಮುತ್ತ ನೋಡುತ್ತದೆ, ಯಾರಪ್ಪಾ ಅದು ಅನ್ನುವ ಹಾಗೆ. ನಿಮ್ಮದೂ ಇನ್ನೇನು ಬಂತಲ್ಲ. ದಿನ ಎಂದು ಕೊಟ್ಟಿದ್ದಾರೆ?

ಕೆಲಸದ ವಿಷಯ ಬಿಟ್ಟುಬಿಟ್ಟಿದ್ದೇವೆ. ಒಂದೇ ಕೊರಗು. ಇವನು ಬಾಯಿಗೆ ಬೀಗ ಹಾಕಿಕೊಂಡಿದ್ದಾನೆ. ಮಗಳು ದೊಡ್ಡವಳಾಗಿ "ಅಪ್ಪನ ಕಾಲಿಗೆ ಏನಾಯ್ತು" ಅಂದರೆ ಏನು ಹೇಳಲಿ? ಅವನು ನಿಮ್ಮನ್ನು ಹೊತ್ತು ತಂದ ಕಥೆ ನಿಮಗೆ ಮಾತ್ರ ಗೊತ್ತು. ಬಿಡುವಿದ್ದಾಗ ನಾಲ್ಕು ಸಾಲು ಬರೆದರೆ ಅವಳಿಗಾಗಿ ಎತ್ತಿಡುತ್ತೇನೆ.

— ನಿಮ್ಮ ತಂಗಿ


ಮೇ 12

ನನ್ನ ಮುದ್ದು ತಂಗಿ,

ಹೆಣ್ಣು ಮಗು! ಓದಿದ ಕೂಡಲೇ ಎದ್ದು ಕೂತೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ನಿನಗೇನಾದರೂ ಆಗಿಬಿಟ್ಟಿದೆಯೋ ಎಂದು ಎಷ್ಟು ದಿನ ನಿದ್ದೆಗೆಟ್ಟಿದ್ದೆ ಗೊತ್ತಾ? ಇವರಿಗೆ ಹೇಳಿಲ್ಲ.

ನನಗೆ ಜೂನ್ 18 ಎಂದಿದ್ದಾರೆ. ಪಾರ್ಸೆಲ್‌ನಲ್ಲಿ ಎರಡು ಅಂಗಿ, ಒಂದು ಟೋಪಿ, ಕಾಲುಚೀಲ ಇವೆ. ಎಲ್ಲಾ ನಾನೇ ಹೆಣೆದದ್ದು. ಟೋಪಿ ದೊಡ್ಡದಾದರೆ ಮಡಚಿ ಹಾಕು.

ಕಥೆ ಬರೆಯುತ್ತೇನೆ. ಅವನು ನನ್ನನ್ನು ಹಗ್ಗದಿಂದ ಬೆನ್ನಿಗೆ ಬಿಗಿದುಕೊಂಡಿದ್ದ. ಮಂಜು ಎಷ್ಟಿತ್ತೆಂದರೆ ಅವನ ಕಿವಿ ಬಿಟ್ಟರೆ ನನಗೆ ಬೇರೇನೂ ಕಾಣುತ್ತಿರಲಿಲ್ಲ. ಮರಗಳ ಪಾಚಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ನರಳಿದಾಗೆಲ್ಲ "ಇನ್ನೊಂದೇ ತಿರುವು ಅಮ್ಮಾ" ಅನ್ನುತ್ತಿದ್ದ. ನೂರು ತಿರುವು ಇದ್ದವೇನೋ, ಪ್ರತಿ ಸಲವೂ ಒಂದೇ ತಿರುವು! ತೊರೆ ದಾಟುವಾಗ ಕಾಲು ಕಲ್ಲಿನ ಸಂದಿಗೆ ಸಿಕ್ಕಿ ಮಂಡಿ ಲಟಕ್ಕೆಂದ ಶಬ್ದ ನನಗೆ ಕೇಳಿಸಿತು. ಆದರೂ ಕೂರಲಿಲ್ಲ. ಕೂತರೆ ಮತ್ತೆ ಏಳಲಾರೆ ಅಂದ.

ಮಗಳಿಗೆ ಹೇಳು, ನಿನ್ನಪ್ಪ ದೇವರಂಥವನು ಎಂದು. ಫೋನ್ ನಂಬರ್ ಕೊಡು, ಅವಳ ಅಳು ಕೇಳಬೇಕು.

— ಅಕ್ಕ


ಮೇ 20

ಅಕ್ಕಾ,

ಪಾರ್ಸೆಲ್ ಬಂತು. ಟೋಪಿ ಸರಿಯಾಗಿದೆ. ಫೋನು ಈಗ ನಮ್ಮ ಹತ್ತಿರ ಇಲ್ಲ. ಕಾಗದವೇ ವಾಸಿ ಅಕ್ಕ, ಮತ್ತೆ ಮತ್ತೆ ಓದಬಹುದು.

ನಿಮ್ಮ ಪತ್ರವನ್ನು ಅವನಿಗೆ ಓದಿ ಹೇಳಿದೆ. "ಇನ್ನೊಂದೇ ತಿರುವು" ಬಂದಾಗ ಗೋಡೆ ಕಡೆ ತಿರುಗಿಕೊಂಡ. ಎರಡು ತಿಂಗಳ ಮೇಲೆ ಒಂದು ಮಾತು ಹೇಳಿದ: "ನಾನು ಬೇಡ ಅಂದಿದ್ದೆನಾ, ಇಲ್ವಾ? ನಂಗೇ ಅನುಮಾನ ಬರ್ತಿದೆ." ಹಗಲಿಡೀ ಅದನ್ನೇ ಕೇಳುತ್ತಾನೆ. ಬಟ್ಟೆ ಮಡಿಸುತ್ತಾ ಮಡಿಸುತ್ತಾ ಕೈ ನಿಲ್ಲಿಸಿಬಿಡುತ್ತಾನೆ. ಪುಸ್ತಕದಲ್ಲಿ ಬರೆದಿದೆಯಲ್ಲ, ನಾನೇ ಕರೆದುಕೊಂಡು ಹೋದೆನೇನೋ ಅಂತಾನೆ.

ಬಿದ್ದ ಮರದ ಹತ್ತಿರ ದಾರಿ ಎರಡಾಗಿ ಒಡೆಯುತ್ತದಲ್ಲ, ಅಲ್ಲಿ ಏನಾಯಿತು ಅಕ್ಕ? ಅವನ ತಲೆ ಕೆಡುವ ಮೊದಲು ಅಷ್ಟು ತಿಳಿದರೆ ಸಾಕು. ಯಾರಿಗೂ ತೋರಿಸುವುದಿಲ್ಲ.


ಮೇ 28

ತಂಗಿ,

ಇವರು ಪ್ರದರ್ಶನಕ್ಕೆ ಹೋಗಿದ್ದಾರೆ. ಫೋಟೋಗೆ ಮೊದಲ ಬಹುಮಾನ ಬಂದಿದೆ. ಮನೆಯಲ್ಲಿ ಯಾರೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಓದಿ, ಅವನಿಗೆ ಹೇಳಿ, ಸುಟ್ಟುಬಿಡು.

ಅವನು ಬೇಡ ಅಂದ. ಒಂದು ಸಲವಲ್ಲ, ಮೂರು ಸಲ ಅಂದ. ಕೆಳದಾರಿಗೆ ಅಡ್ಡಲಾಗಿ ಹಗ್ಗ ಕಟ್ಟಿತ್ತು. ಗೂಡು ಕಟ್ಟುವ ಕಾಲ, ಯಾರೂ ಇಳಿಯುವಂತಿಲ್ಲ ಅಂದ. "ಜಾರುತ್ತೆ ಸಾರ್, ಅಮ್ಮಾವ್ರದು ಎರಡು ಜೀವ ಸಾರ್" ಅಂದ. ಇವರು "ನೀನು ಗೈಡಾ, ಸೂಲಗಿತ್ತೀನಾ?" ಅಂದು ನಕ್ಕರು. ನಾನೂ ನಕ್ಕೆ. ಆಮೇಲೆ ಇವರು "ಬರಲ್ಲ ಅಂದ್ರೆ ಹೇಳು, ಮ್ಯಾನೇಜರ್ ಹತ್ರ ನಾನೇ ಮಾತಾಡ್ತೀನಿ. ಬಿಲ್ಲೆ ಬೇಕಾ ಬೇಡ್ವಾ?" ಅಂದು ಹಗ್ಗ ದಾಟಿದರು. ನಾನೂ ಹಿಂದೆ ದಾಟಿದೆ. ನಮ್ಮನ್ನಷ್ಟೇ ಬಿಡಲಾರದೆ ಅವನು ಕೊನೆಗೆ ದಾಟಿದ.

ಕೊಳೆತ ಮರದ ತೂತಿನಲ್ಲಿ ಹಕ್ಕಿ ಮೊಟ್ಟೆಯ ಮೇಲೆ ಕೂತಿತ್ತು. ಇವರು ಫ್ಲ್ಯಾಶ್ ಹಾಕಿದರು. ಹಕ್ಕಿ ಹಾರಿಹೋಯಿತು. ಅದನ್ನು ನೋಡಲು ತಿರುಗಿದಾಗಲೇ ನಾನು ಜಾರಿದ್ದು.

ರಸ್ತೆಯ ತಂಗುದಾಣ ತಲುಪಿ ಜೀಪಿಗೆ ಕಾಯುತ್ತಿದ್ದಾಗ ಅವನು ಚೀಲದಿಂದ ದಾರಿ ಪುಸ್ತಕ ತೆಗೆದ. ಮಂಡಿ ಆಗಲೇ ಊದಿತ್ತು. "ಅಮ್ಮಾ, ನಿಮ್ಮ ಕೈಯಾರೆ ಬರೆದ್ಬಿಡಿ, ನಮ್ಮವಳು ಇಲ್ಲಿಲ್ಲ" ಅಂದ. ಇವರು ನನ್ನ ಕಿವಿಯಲ್ಲಿ ಹೇಳುತ್ತಾ ಹೋದರು. ಗೂಡಿನ ಹತ್ತಿರ ಹೋಗಿದ್ದು ತಮ್ಮ ಹಟಕ್ಕೆಂದು ಗೊತ್ತಾದರೆ ಸಂಘದಲ್ಲಿ ಮಾನ ಹೋಗುತ್ತದೆ, ತಮ್ಮ ತಾಯಿಗೆ ಮುಖ ತೋರಿಸಲಾಗುವುದಿಲ್ಲ ಅಂದರು. ನಾನು ಬೆಂಚಿನ ಮೇಲೆ ಮಲಗಿಕೊಂಡೇ ಬರೆದೆ. ಅವನು ಕೇಳಿದ, "ಏನ್ ಬರೆದ್ರಿ ಅಮ್ಮಾ?"

"ನೀನು ನಮ್ಮನ್ನ ಕಾಪಾಡಿದೆ ಅಂತ" ಅಂದೆ.

ಅವನು ಹೆಬ್ಬೆಟ್ಟನ್ನು ಅಂಗಿಗೆ ಒರೆಸಿ, ಇಂಕ್ ಪ್ಯಾಡಿಗೆ ಒತ್ತಿ, ನನ್ನ ಸುಳ್ಳಿನ ಕೆಳಗೆ ಒತ್ತಿದ. ಅಷ್ಟು ಖುಷಿಯಾಗಿದ್ದ. ನನಗೆ ಎಲ್ಲಾ ನೆನಪಿದೆ ತಂಗಿ. ಒಂದೂ ಮರೆತಿಲ್ಲ.

ಈಗ ಮನಸ್ಸು ಹಗುರವಾಯಿತು. ನಿನ್ನ ಮಗಳ ಪುಣ್ಯದಿಂದ ನನ್ನದೂ ಸುಖವಾಗಿ ಆಗಲಿ.


ಜೂನ್ 5

ಮೇಡಂ,

ಪತ್ರ ಸುಟ್ಟಿಲ್ಲ. ನಕಲು ತೆಗೆಸಿದ್ದೇನೆ. ಒಂದು ಕಾರ್ಮಿಕ ಅಧಿಕಾರಿಗೆ, ಒಂದು ನಮ್ಮ ಸಂಘಕ್ಕೆ, ಒಂದು ನಿಮ್ಮ ಯಜಮಾನರು ಕಾರ್ಯದರ್ಶಿಯಾಗಿರುವ ಪಕ್ಷಿವೀಕ್ಷಕರ ಸಂಘಕ್ಕೆ. ಬಹುಮಾನದ ಫೋಟೋ ಕೆಳಗೆ ಅಂಟಿಸಿಕೊಳ್ಳಲಿ.

ನೀವು ನಿಜ ಬರೆದಿರಿ. ನಾನೂ ಬರೆಯುತ್ತೇನೆ.

ನಮಗೆ ಮಗಳಿಲ್ಲ. ಮಾರ್ಚ್ 20ರ ಬೆಳಿಗ್ಗೆ ಕೋಣೆಯ ಸಾಮಾನು ಹೊರಗಿಡುವಾಗ ನೋವು ಶುರುವಾಯಿತು. ಜೀಪು ಕೇಳಿದೆ. ಡ್ರೈವರ್ ತಲೆ ತಗ್ಗಿಸಿ "ಗೆಸ್ಟುಗಳು ಹಕ್ಕಿ ನೋಡೋಕೆ ಹೊರಟವ್ರೆ ಕಣಕ್ಕಾ, ಬಿಟ್ಟು ಬಂದ್ರೆ ನನ್ನ ಕೆಲಸ ಹೋಗುತ್ತೆ" ಅಂದ. ನಡೆದೇ ಇಳಿದೆವು, ನೀವು ಇಳಿದ ಅದೇ ದಾರಿ. ತೊರೆಯ ಹತ್ತಿರ ನನ್ನ ಕೈಲಾಗಲಿಲ್ಲ. ಇವನು ಬೆನ್ನು ಬಗ್ಗಿಸಿ ಕೂತ, ನಾನು ಕೊರಳಿಗೆ ಕೈ ಹಾಕಿದೆ, ಏಳಲಿಕ್ಕೆ ನೋಡಿದ. ಮಂಡಿ ಎತ್ತಲಿಲ್ಲ. ಮೂರು ಸಲ ನೋಡಿದ. ನಿಮ್ಮನ್ನು ಏಳು ಗಂಟೆ ಹೊತ್ತ ಬೆನ್ನು ನನ್ನನ್ನು ಏಳು ಹೆಜ್ಜೆ ಹೊರಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಆಯಿತು. ಹೆಣ್ಣೇ. ಉಸಿರಿರಲಿಲ್ಲ.

ನಿಮ್ಮ ಏಪ್ರಿಲ್ ಪತ್ರ ಓದಿ ನನಗೆ ಒಂದು ಗೊತ್ತಾಯಿತು. ಬೈದರೆ ನೀವು ಮುದುಡಿಕೊಳ್ಳುತ್ತೀರಿ. ಸತ್ತ ಕೂಸಿನ ಸುದ್ದಿ ಕೊಟ್ಟರೆ ಹೆದರಿ ಪೂರ್ತಿ ಬಾಯಿ ಮುಚ್ಚುತ್ತೀರಿ. ನಿಮಗೆ ಬೇಕಾದದ್ದು ನೆಮ್ಮದಿ. ಅದನ್ನೇ ಕೊಟ್ಟೆ. ಇಲ್ಲದ ಮಗುವಿಗೆ ಕಾಗದದ ಮೇಲೆ ಬಿಕ್ಕಳಿಕೆ ಬರಿಸಿದೆ, ನಿದ್ದೆ ಮಾಡಿಸಿದೆ, ಟೋಪಿ ಹಾಕಿದೆ. ಆ ಪತ್ರ ಬರೆಯುವುದನ್ನು ನೋಡಿದ ಕಂಡಕ್ಟರಣ್ಣ "ಬೇಡಮ್ಮ, ಬೇರೆ ದಾರಿ ಹುಡುಕೋಣ" ಅಂದರು. ನನ್ನ ಗಂಡ ಒಂದು ವಾರ ನನ್ನ ಕೈಯಿಂದ ನೀರು ಕುಡಿಯಲಿಲ್ಲ. ಫೋನು ನನ್ನ ಪಕ್ಕದಲ್ಲೇ ಇತ್ತು ಮೇಡಂ. ಆದರೆ ಫೋನಿನಲ್ಲಿ ನಿಮ್ಮ ಅಕ್ಷರ ಇರುವುದಿಲ್ಲವಲ್ಲ. ಸಂಘದಲ್ಲಿ ನಾನು ಕಲಿತದ್ದು ಇದು: ಹೆಬ್ಬೆಟ್ಟಿನವನನ್ನು ಅಕ್ಷರದಿಂದ ಕೊಂದರೆ, ಅಕ್ಷರದಿಂದಲೇ ಎಬ್ಬಿಸಬೇಕು. ಒಳ್ಳೆಯ ಹೆಂಗಸು ಅನ್ನಿಸಿಕೊಳ್ಳುವ ಆಸೆ ನನಗಿಲ್ಲ. ಅವನ ಬಿಲ್ಲೆ ಬೇಕು.

"ಬೇಡ ಅಂದಿದ್ದೆನಾ" ಎಂದು ಅವನು ಹಗಲಿಡೀ ಕೇಳುತ್ತಿದ್ದುದು ಮಾತ್ರ ಸುಳ್ಳಲ್ಲ. ಈಗ ಕೇಳುತ್ತಿಲ್ಲ. ನಿಮ್ಮ ಪತ್ರ ಓದಿ ಹೇಳಿದ ದಿನ "ಮೂರು ಸಲ" ಅಂದ, ಅಷ್ಟೆ. ಬಟ್ಟೆ ಮಡಿಸಿದ.

ಅಧಿಕಾರಿ ಪತ್ರ ನೋಡಿದರು, ಹದಿನೇಳನೇ ಪುಟ ತರಿಸಿ ಪಕ್ಕದಲ್ಲಿಟ್ಟು ನೋಡಿದರು. ವಿಚಾರಣೆ ಮತ್ತೆ ತೆಗೆದಿದ್ದಾರೆ. ಬರೆದವರು ಖುದ್ದಾಗಿ ಬಂದು "ಈ ಎರಡೂ ನನ್ನ ಅಕ್ಷರ, ಮೊದಲನೆಯದು ಸುಳ್ಳು" ಎಂದು ಹೇಳಬೇಕು. ನೋಟಿಸು ಇದರೊಂದಿಗೇ ಬಂದಿರುತ್ತದೆ. ನಿಮ್ಮ ಹೆರಿಗೆಯ ದಿನ ಅಧಿಕಾರಿಗೆ ನಾನೇ ಹೇಳಿದೆ. ಒಂದು ತಿಂಗಳು ಮುಂದೂಡಲೇ ಎಂದು ಕೇಳಿದರು. ಬೇಡ ಅಂದೆ. ಒಂದು ತಿಂಗಳು ಕೊಟ್ಟರೆ ನಿಮ್ಮ ಯಜಮಾನರು ನಿಮ್ಮ ನೆನಪನ್ನು ಮತ್ತೆ ಅಳಿಸಿಹಾಕುತ್ತಾರೆ.

ಹೆತ್ತಿದ್ದರೆ ಕೂಸನ್ನು ಎತ್ತಿಕೊಂಡು ಬನ್ನಿ, ಹೊರಗೆ ಬೆಂಚಿದೆ, ನಾನು ಹಿಡಿದುಕೊಂಡಿರುತ್ತೇನೆ. ಹೆದರಬೇಡಿ, ಮಕ್ಕಳ ಮೇಲೆ ನನಗೆ ಹಗೆಯಿಲ್ಲ. ಹೆತ್ತಿರದಿದ್ದರೆ ಹೊಟ್ಟೆ ಹೊತ್ತುಕೊಂಡೇ ಬನ್ನಿ. ಎರಡು ಮಹಡಿ ಮೆಟ್ಟಿಲು, ಲಿಫ್ಟಿಲ್ಲ. ಹತ್ತಿಸಲು ಈ ಸಲ ನಿಮ್ಮ ಯಜಮಾನರ ಬೆನ್ನಿದೆ.

ಕಾರ್ಮಿಕ ಅಧಿಕಾರಿಯ ಕಚೇರಿ, ಎಂಟನೇ ನಂಬರಿನ ಕೋಣೆ. ಜೂನ್ 19, ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ.